ಹೆಂಪ್ ಬೀಜದಲ್ಲಿ ಅರ್ಧಕ್ಕರ್ಧ ಕೊಬ್ಬಾ?

ಲೇಬಲ್‌ಪ್ರಿಯೆ:
ಪ್ರೋಟೀನ್ ಸಿಗುತ್ತೆ ಅಂತ ಸಿಪ್ಪೆ ತೆಗೆದ ಹೆಂಪ್ ಬೀಜ (ಗಾಂಜಾ ಜಾತಿಯದೇ ಗಿಡ, ಆದರೆ ಅಮಲಿಲ್ಲದ್ದು) ತಂದೆ. ಪ್ಯಾಕೆಟ್ ತಿರುಗಿಸಿ ನೋಡಿದರೆ 100 ಗ್ರಾಂಗೆ 32 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು! ಸಿಪ್ಪೆ ಸಮೇತ ಇರುವ ಇನ್ನೊಂದು ಪ್ಯಾಕೆಟ್‌ನಲ್ಲಿ ಕೊಬ್ಬು 33 ಅಂತಿದೆ. ಯಾವುದು ಸರಿ? ಅಪ್ಪನಿಗೆ ಕೊಲೆಸ್ಟರಾಲ್ ಜಾಸ್ತಿ ಇದೆ, ಕೊಡಬಹುದಾ?

ಗಾಣದವನು:
ಎರಡೂ ಸರಿ. ಸಿಪ್ಪೆಯಲ್ಲಿ ಇರುವುದು ಹೆಚ್ಚಾಗಿ ನಾರು. ಅದನ್ನು ತೆಗೆದರೆ ಉಳಿಯುವುದು ಜಿಡ್ಡು ತುಂಬಿದ ತಿರುಳು, ಅದಕ್ಕೇ ಅಂಕಿ ಏರುತ್ತೆ. ಒಂದು ಚಿಟಿಕೆ ತಿರುಳನ್ನು ಪೇಪರ್ ಮೇಲಿಟ್ಟು ಬೆರಳಲ್ಲಿ ಒತ್ತಿ ನೋಡಿ, ಎಣ್ಣೆ ಕಲೆ ಬೀಳುತ್ತೆ. ಮಿಕ್ಸಿಗೆ ಹಾಕಿದರೆ ಪುಡಿ ಆಗಲ್ಲ, ಮುದ್ದೆ ಆಗುತ್ತೆ.

ಹೆದರೋದು ಬೇಡ. ಆ 49ರಲ್ಲಿ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು 5 ಗ್ರಾಂ ಕೂಡ ಇಲ್ಲ. ಸುಮಾರು 38 ಗ್ರಾಂ ಹೃದಯಕ್ಕೆ ಒಳ್ಳೆಯ ಜಾತಿ, ಅಂದ್ರೆ ಪಾಲಿ‌ಅನ್‌ಸ್ಯಾಚುರೇಟೆಡ್. ಅದರಲ್ಲಿ ಲಿನೋಲೆಯಿಕ್, ಅಂದ್ರೆ ಒಮೆಗಾ-6, ಮೂರು ಪಾಲಾದರೆ ಒಮೆಗಾ-3 ಒಂದು ಪಾಲು. ಗಿಡದಿಂದ ಬಂದದ್ದು, ಹಾಗಾಗಿ ಕೊಲೆಸ್ಟರಾಲ್ ಪ್ರಶ್ನೆಯೇ ಇಲ್ಲ. ಅಪ್ಪನಿಗೆ ಕೊಡಿ. ಆದರೆ ಇದನ್ನು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡಿಸಬೇಡಿ.

ಲೆಕ್ಕ ಇಡಬೇಕಾದ್ದು ಕ್ಯಾಲೊರಿಯದ್ದು. ಮೂರು ದೊಡ್ಡ ಚಮಚ ಅಂದ್ರೆ 30 ಗ್ರಾಂ. ಅದರಲ್ಲಿ ಸುಮಾರು 165 ಕ್ಯಾಲೊರಿ, 15 ಗ್ರಾಂ ಕೊಬ್ಬು, 9 ಗ್ರಾಂ ಮೇಲೆ ಪ್ರೋಟೀನ್. ಹೆಂಪ್ ಅನ್ನು ಸುಮ್ನೆ ಪ್ರೋಟೀನ್ ಪುಡಿ ಅಂತ ಮಾರ್ತಾರೆ ನೋಡಿ, ನನಗೆ ಅದೇ ಸಿಟ್ಟು. ಇದು ಎಣ್ಣೆಕಾಳು ಸ್ವಾಮಿ! ಆ ಪುಡಿ ಎಣ್ಣೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ಮಾಡಿದ್ದು, ಬೇರೆ ವಸ್ತು.

ಬೆಳಗಿನ‌ಓಟ:
ನಾನು ಮೀನೆಣ್ಣೆ ಕ್ಯಾಪ್ಸೂಲ್ ನಿಲ್ಲಿಸಿ ಇದನ್ನೇ ತಿಂದರೆ ಸಾಕಲ್ವಾ?

ಗಾಣದವನು:
ಸಾಲಲ್ಲ. ಇದರಲ್ಲಿರುವ ಒಮೆಗಾ-3 ಅಂದ್ರೆ ಆಲ್ಫಾ ಲಿನೋಲೆನಿಕ್ ಆಮ್ಲ. ಮೀನಲ್ಲಿರುವ ಒಮೆಗಾ-3ಗಳಾದ ಇಪಿಎ, ಡಿಎಚ್‌ಎ ಆಗಿ ನಮ್ಮ ದೇಹ ಅದನ್ನು ಬದಲಿಸುವುದು ತೀರಾ ಸ್ವಲ್ಪ. ಆಲ್ಫಾ ಲಿನೋಲೆನಿಕ್ಕೇ ಬೇಕಿದ್ದರೂ ಅಗಸೆ ಇದಕ್ಕಿಂತ ಎರಡು ಪಟ್ಟು ಮುಂದಿದೆ. 100 ಗ್ರಾಂ ಅಗಸೆಯಲ್ಲಿ 22 ಗ್ರಾಂ ದಾಟುತ್ತೆ, ಹೆಂಪಲ್ಲಿ 9ರ ಹತ್ತಿರ. ಹೆಂಪಿಗೆ ಇರುವ ವಿಶೇಷ ಅಂದ್ರೆ ಒಮೆಗಾ-6 ಜಾತಿಯ ಗಾಮಾ ಲಿನೋಲೆನಿಕ್ ಆಮ್ಲ. ಸ್ವಲ್ಪವೇ ಇದ್ದರೂ ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಸಿಗೋದೇ ಅಪರೂಪ.

ಲೇಬಲ್‌ಪ್ರಿಯೆ:
ಥ್ಯಾಂಕ್ಸ್ ಸಾರ್. ಹುರಿದು ಡಬ್ಬಿಗೆ ಹಾಕಿಟ್ಟರೆ ಆಗುತ್ತಾ?

ಗಾಣದವನು:
ಬೇಡಮ್ಮ. ಈ ಜಾತಿ ಕೊಬ್ಬು ಬಿಸಿ, ಬೆಳಕು, ಗಾಳಿ ಮೂರಕ್ಕೂ ಬೇಗ ಕೆಡುತ್ತೆ. ಸಿಪ್ಪೆ ಇಲ್ಲದ್ದಂತೂ ಇನ್ನೂ ಬೇಗ. ಮುಚ್ಚಳ ಬಿಗಿ ಮಾಡಿ ಫ್ರಿಜ್ಜಲ್ಲಿಡಿ. ಊಟಕ್ಕೆ ಕೂತಾಗ ಹಸಿಯಾಗೇ ಮೇಲೆ ಉದುರಿಸಿ. ಎಣ್ಣೆ ತಂದರೂ ಅಷ್ಟೇ, ಕರಿಯೋಕೆ ಬಳಸಬೇಡಿ. ಹಳೇ ಪೇಂಟ್ ಥರ ಕಮಟು ವಾಸನೆ, ನಾಲಿಗೆ ತುದಿಗೆ ಕಹಿ ಬಂತೋ, ದುಡ್ಡಿನ ಮುಖ ನೋಡದೆ ಎಸೀರಿ.