ಓದುಗರ ಸ್ಪಂದನ: ಶನಿವಾರ ಹೋದ್ರೂ ಚೋಣಕ ಸಿಗ್ತಿಲ್ಲ, ಬಿಟ್ಟುಬಿಡ್ಲಾ?

(ಶಿರಸಿಯ ಓದುಗರೊಬ್ರ ಸಮಸ್ಯೆ: ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಕಾರವಾರದ ಕೋಡಿಬಾಗದಲ್ಲಿ ಕಾಳಿ ಹೊಳೆಗೆ ಗಾಳ ಹಾಕ್ತೀನಿ, ಚೋಣಕ ಮೀನು ಮಾತ್ರ ಒಂದೂ ಬಿದ್ದಿಲ್ಲ, ಮನೇಲೂ ಬೇಜಾರು ಶುರುವಾಗಿದೆ.)

ಅಂಕೋಲಾದಿಂದ:

ಬಿಡಬೇಡಿ ಸರ್. ನೀವು ಬರೆದಿದ್ರಲ್ಲೇ ಉತ್ತರ ಇದೆ, "ಪ್ರತಿ ಶನಿವಾರ ಆರಕ್ಕೆ" ಅಂದ್ರಲ್ಲ, ಅಲ್ಲೇ ತಪ್ತಾ ಇರೋದು. ಭರತ (ಸಮುದ್ರದ ನೀರು ಏರೋದು) ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಏಳು ದಿನಕ್ಕೆ ಹತ್ರ ಹತ್ರ ಆರು ತಾಸಾಯ್ತು, ಅಂದ್ರೆ ಈ ಶನಿವಾರ ಆರಕ್ಕೆ ಹೊಳೆ ತುಂಬಿದ್ರೆ ಮುಂದಿನ ಶನಿವಾರ ಅದೇ ಆರಕ್ಕೆ ದಡದ ಕೆಸರು ಕಾಣ್ತಿರ್ತದೆ. ಮತ್ತೆ ಸರಿಹೋಗೋದು ಹದಿನೈದು ದಿನಕ್ಕೆ. ಚೋಣಕ ಹೊಂಚು ಹಾಕಿ ಹಿಡಿಯೋ ಜಾತಿ. ತುಂಬಿದ ನೀರು ಇಳಿಯೋಕೆ ಶುರುವಾದ ಮೊದಲ ಒಂದೆರಡು ತಾಸು ಉಪ್ಪುನೀರ ದಡದ ಕಾಂಡ್ಲ ಗಿಡದ ಬೇರಿನ ಸಂದಿಯಿಂದ ಸಟ್ಲಿ (ಸಿಗಡಿ), ಸಣ್ಣ ಮೀನು ಎಲ್ಲಾ ಹೊರಗೆ ಬರಲೇಬೇಕು, ಅವು ಬರೋ ಹಳ್ಳದ ಬಾಯಲ್ಲಿ, ಬಂಡೆ ಮರೆಯಲ್ಲಿ, ನೀರು ತಿರುಗೋ ಜಾಗದಲ್ಲಿ ಇದು ಸುಮ್ನೆ ನಿಂತಿರ್ತದೆ, ಹತ್ರ ಬಂದಿದ್ದೇ ಬಾಯಿ ತೆರೆದು ಎಳ್ಕೊಳ್ತದೆ. "ಟಪ್" ಅಂತ ದಡಕ್ಕೂ ಕೇಳ್ತದೆ, ಆ ಶಬ್ದ ಕೇಳಿದ್ರೆ ಜಾಗ ಬಿಟ್ಟು ಅಲ್ಲಾಡ್ಬೇಡಿ!

ಲ್ಯೂರ್ (ನಕಲಿ ಮೀನು) ಸದ್ಯಕ್ಕೆ ಪಕ್ಕಕ್ಕಿಡಿ, ಜೀವಂತ ಸಟ್ಲಿ ಹಾಕಿ. ಗಾಳ ತಲೆ ಮೇಲಿನ ಕೊಂಬಿನ ಬುಡಕ್ಕೆ ಚುಚ್ಚಬೇಕು, ಒಳಗೆ ಕಾಣೋ ಕಪ್ಪು ಚುಕ್ಕೆಗೆ ತಾಗಿದ್ರೆ ಸಟ್ಲಿ ಅಲ್ಲೇ ಸಾಯ್ತದೆ, ಸತ್ತಿದ್ದಕ್ಕೆ ಚೋಣಕ ಬರೋದು ಕಮ್ಮಿ. ತುದಿಗೆ 40 ಪೌಂಡಿನ ಲೀಡರ್ (ಗಾಳದ ಹತ್ರ ಕಟ್ಟೋ ಗಟ್ಟಿ ದಾರ) ಇರ್ಲಿ, ಈ ಮೀನಿನ ಕಿವಿರು ಮುಚ್ಚಳದ ಅಂಚು ಬ್ಲೇಡ್ ತರ, ತೆಳು ದಾರ ನಿಲ್ಲೋದಿಲ್ಲ, ಬರೀ ಕೈಯಲ್ಲಿ ಅಲ್ಲಿ ಹಿಡಿದ್ರೆ ಬೆರಳೂ ಹೋಗ್ತದೆ. ಪಂಚಾಂಗ ಮನೇಲಿ ಇದ್ದೇ ಇರ್ತದಲ್ಲ, ಅಮಾಸೆ ಹುಣ್ಣಿಮೆ ಹಿಂದೆಮುಂದೆ ಸೆಳೆತ ಜೋರು, ಅಷ್ಟಮಿ ಹೊತ್ತಿಗೆ ಮಂದ. ಸರಿಯಾದ ಟೈಮಿಗೆ ಮೊಬೈಲಲ್ಲಿ ಕಾರವಾರದ ಭರತ-ಇಳಿತದ ಪಟ್ಟಿ ಸಿಗ್ತದೆ.

ಕುಮಟಾದಿಂದ:

ಶಿರಸಿಯಿಂದ ಅಷ್ಟು ದೂರ ಯಾಕೆ ಹೋಗ್ತೀರಿ ಮಾರಾಯ್ರೇ, ದೇವಿಮನೆ ಘಟ್ಟ ಇಳಿದ್ರೆ ಅಘನಾಶಿನಿ ಅಲ್ವಾ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ಎಲ್ಲಾ ಇದೆ, ಮೇಲಿಂದ ನೀರು ಬಿಟ್ರೆ ನಿಮ್ಮ ಲೆಕ್ಕ ಏರುಪೇರು. ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಮಳೆಗಾಲ ಬಿಟ್ರೆ ಅಳಿವೆ ಹತ್ರ ಎಲ್ಲಾ ಸಮುದ್ರದ್ದೇ ಲೆಕ್ಕ. ಗಜನಿ ಗದ್ದೆಯಿಂದ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ನೀರು ಹೊರಗೆ ಬೀಳೋ ಕಡೆ ಇಳಿತದಲ್ಲಿ ನಿಂತು ನೋಡಿ, ಆದ್ರೆ ಅಲ್ಲಿ ಮೀನು ಹಿಡಿಯೋ ಹಕ್ಕು ಗುತ್ತಿಗೆಗೆ ಹೋಗಿರ್ತದೆ, ಮೊದಲು ಅವರನ್ನ ಕೇಳಿ. ಕೇಳಿದ್ರೆ ಬೇಡ ಅನ್ನೋರು ಕಮ್ಮಿ, ಕೇಳದೆ ಹೋದ್ರೆ ಜಗಳ ಖಂಡಿತ.

ಕಾರವಾರದಿಂದ, ಮೀನು ಹಿಡಿಯೋರ ಮನೆಯ ಅಕ್ಕ:

ತಮ್ಮಾ, ಮನೆಯವರ ಬೇಜಾರಿನ ಬಗ್ಗೆ ಯಾರೂ ಹೇಳ್ಲಿಲ್ಲ. ಅಂಕೋಲಾದವರ ಲೆಕ್ಕದಲ್ಲೇ ಅದಕ್ಕೂ ದಾರಿ ಇದೆ ನೋಡು, ಬೆಳಗಿನ ನೀರು ಒಂದು ಬಿಟ್ಟು ಒಂದು ಶನಿವಾರ ಮಾತ್ರ ಸರಿ ಬರೋದು, ತಿಂಗಳ ಮೊದಲೇ ಕ್ಯಾಲೆಂಡರಲ್ಲಿ ಗುರುತು ಹಾಕಿ ಹೆಂಡ್ತಿಗೆ ತೋರ್ಸು, ಉಳಿದ ಶನಿವಾರ ಪೂರ್ತಿ ಮನೆದು. ಇವತ್ತು ಹೋಗ್ತಾನೋ ಇಲ್ವೋ ಅಂತ ಕಾಯೋದೇ ಮನೆಯವರಿಗೆ ಕಷ್ಟ.

ಇನ್ನೊಂದು, ತೀರಾ ದೊಡ್ಡದು ಬಿದ್ರೆ ಫೋಟೋ ತೆಗೆದು ಬಿಟ್ಬಿಡು. ಚೋಣಕ ಮೊದಲು ಗಂಡಾಗಿ ಬೆಳೆದು ಕೆಲವು ವರ್ಷದ ಮೇಲೆ ಹೆಣ್ಣಾಗ್ತದೆ, ದೊಡ್ಡದೆಲ್ಲ ಹೆಚ್ಚಾಗಿ ಮೊಟ್ಟೆ ಇಡೋವೇ, ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ಇಡ್ತವೆ. ಹಾಗೇ 2024ರ ಆಗಸ್ಟಲ್ಲಿ ಕಾಳಿಯ ಹಳೇ ಸೇತುವೆ ಕುಸಿದ ಜಾಗದ ಹತ್ರ ದೋಣಿ ತಗೊಂಡು ಹೋಗ್ಬೇಡ. ಎರಡು-ಮೂರು ಕೆಜಿಯದು ಸಿಕ್ರೆ ಮನೆಗೆ ತಗೊಂಡು ಹೋಗು, ತುಂಡಿಗೆ ರವೆ ಹಚ್ಚಿ ಫ್ರೈ ಮಾಡಿ, ತಲೆ ಮಾತ್ರ ಬಿಸಾಡ್ಬೇಡಿ, ಸಾರಿಗೆ ರುಚಿ ಬರೋದೇ ಅದ್ರಿಂದ.