ಇನ್ವೇಸಿವ್ ಹುಲ್ಲು: ‘ಕಳೆ’ ಅಂದರೆ ಸಾಕೇ, ‘ಒತ್ತುವರಿ’ ಸಲ್ಲುತ್ತದೆಯೇ?

ಗೆಳೆಯರೇ,

ಒಂದು ಹುಲ್ಲಿನ ಹೆಸರು ಹುಡುಕಲು ಹೋಗಿ ಅದರ ‘ಇನ್ವೇಸಿವ್’ ಎಂಬ ವಿಶೇಷಣದಲ್ಲಿ ಸಿಕ್ಕಿಕೊಂಡಿದ್ದೇನೆ. ಹೊರಗಿನಿಂದ ಬಂದು ಹಬ್ಬಿ, ಅಲ್ಲಿಯ ಗಿಡಗಳಿಗೆ ಕುತ್ತಾಗುವ ಸಸ್ಯಕ್ಕೆ ಹೇಳುವ ಮಾತು ಅದು; ಕನ್ನಡದಲ್ಲಿ ಏನೆನ್ನೋಣ?

ನಾವಿರುವುದು ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ. ಮನೆಯ ಹಿಂದಿನ ಮಾಲೀಕರು ಅಂಗಳದಂಚಿಗೆ ಚೆಂದಕ್ಕೆಂದು ನೆಟ್ಟಿದ್ದ ಹುಲ್ಲು ಈಗ ಬೇಲಿಯಾಚೆಯ ಒಣಹಳ್ಳದಲ್ಲೂ ಎದ್ದಿದೆ. ದಟ್ಟ ಬುಡದಿಂದ ಸುತ್ತಲೂ ಬಾಗಿದ ಸಪೂರ ಎಲೆ, ಗೇಣುದ್ದದ ನಸುನೇರಳೆ ತೆನೆ, ತೆನೆ ತುಂಬ ಮೆತ್ತನೆಯ ಸುಂಕು. ಫೌಂಟನ್ ಗ್ರಾಸ್, ಹಳೆಯ ಸಸ್ಯನಾಮ ಪೆನಿಸೆಟಮ್ ಸೆಟೇಶಿಯಮ್, ಈಗ ಸೆಂಕ್ರಸ್ ಸೆಟೇಶಿಯಸ್. ನರ್ಸರಿಯ ಕಡುಗೆಂಪು ಎಲೆಯ ‘ರೂಬ್ರಮ್’ ಬೇರೆ, ಅದು ಮೊಳೆಯುವ ಬೀಜ ಕಟ್ಟುವುದು ಅಪರೂಪ. ಹಸಿರೆಲೆಯದು ಒಂಟಿಯಾಗಿದ್ದರೂ ಬೀಜ ಕಟ್ಟಿ ಗಾಳಿಗೆ ಬಿಡುತ್ತದೆ.

ಕುಷ್ಟಗಿಯಿಂದ ಬಂದಿದ್ದ ನಮ್ಮತ್ತೆ ನೋಡಿದವರೇ, “ಇದೇನು, ಸಜ್ಜಿ ಹೊಲ ಇದ್ದಂಗ ಐತಲ್ಲ!” ಅಂದರು. ಸಜ್ಜೆಯೂ ಇದೇ ಕುಲದ್ದು! ಸ್ಪೇನಿನ ಕೆನರಿ ದ್ವೀಪದವರು ಇದನ್ನು ‘ರಾಬೊ ದೆ ಗಾತೊ’, ಬೆಕ್ಕಿನ ಬಾಲ, ಅನ್ನುತ್ತಾರೆ. ‘ಕಾರಂಜಿ ಹುಲ್ಲು’ ಎಂಬ ಸಪ್ಪೆ ಅನುವಾದಕ್ಕಿಂತ ನನಗೆ ‘ಕಾಡುಸಜ್ಜೆ’ ಹಿತ.

ತೊಡಕು ‘ಇನ್ವೇಸಿವ್’ನದು. ಪತ್ರಿಕೆಗಳ ‘ಆಕ್ರಮಣಕಾರಿ’ ದಂಡು ನುಗ್ಗಿದಂತೆ ಕೇಳಿಸುತ್ತದೆ. ಹುಲ್ಲು ಹಾಗೆ ಬರುವುದಿಲ್ಲ. ‘ಕಳೆ’ ಅನ್ನಲು ಒಂದು ಬೆಳೆ ಇರಬೇಕು. ಇಲ್ಲಿರುವುದು ಮರುಭೂಮಿ. ಸಗ್ವಾರೊ ಕಳ್ಳಿಗಳ ನಡುವೆ ಬರಿನೆಲ ಇದ್ದುದರಿಂದಲೇ ಬೆಂಕಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ. ಈ ಹುಲ್ಲು ಆ ತೆರವನ್ನು ತುಂಬಿ, ಒಣಗಿ, ಹೊತ್ತಿಕೊಳ್ಳುತ್ತದೆ. ಕಳ್ಳಿ ಸಾಯುತ್ತದೆ, ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ಹವಾಯಿಯ ಒಣಕಾಡುಗಳಲ್ಲೂ ಇದೇ ಕತೆ. ಯುರೋಪ್ ಒಕ್ಕೂಟ 2017ರಲ್ಲಿ ಇದನ್ನು ನಿಷೇಧದ ಪಟ್ಟಿಗೆ ಸೇರಿಸಿತು.

‘ಪರದೇಶಿ’ ಅನ್ನೋಣವೆಂದರೆ ಕನ್ನಡದಲ್ಲಿ ಅದಕ್ಕೆ ದಿಕ್ಕಿಲ್ಲದವರು ಎಂಬ ಕರುಣೆ ಅಂಟಿಕೊಂಡಿದೆ. ಮೇಲಾಗಿ ಹೊರಗಿನದೆಲ್ಲ ಕೆಟ್ಟದ್ದೇನಲ್ಲ, ಮೆಣಸಿನಕಾಯಿ ಎಲ್ಲಿಯದು? ಇಲ್ಲಿ ಇದರ ಜೊತೆಗೇ ಬೆಂಕಿ ಹಬ್ಬಿಸುವ ಬಫೆಲ್ ಗ್ರಾಸ್ ಅಂತೂ ನಮ್ಮಲ್ಲಿ ದನಕ್ಕೆ ಮೇವಾಗುವ ಅಂಜನ್ ಹುಲ್ಲೇ.

ಹಾಗಾಗಿ ‘ಒತ್ತುವರಿ ಹುಲ್ಲು’ ಎಂದು ಬರೆದು ನೋಡಿದೆ. ಕೆರೆ ಒತ್ತುವರಿ, ಗೋಮಾಳ ಒತ್ತುವರಿ ಯಾರಿಗೆ ಗೊತ್ತಿಲ್ಲ? ತನ್ನದಲ್ಲದ ಜಾಗಕ್ಕೆ ಅಂಗುಲ ಅಂಗುಲವಾಗಿ ಸರಿಯುವುದು. ಎರಡು ಅನುಮಾನ: ಒತ್ತುವರಿ ಮನುಷ್ಯರ ಕೆಲಸ, ಅದಕ್ಕೆ ಸರ್ವೆ ನಂಬರ್ ಬೇಕು, ಹುಲ್ಲಿಗೆ ಹೇಳಿದರೆ ತಮಾಷೆ ಆಗುತ್ತದೆಯೇ? ಇನ್ನೊಂದು, ‘ಒತ್ತುವರಿ ಹುಲ್ಲು’ ಎಂದರೆ ಒತ್ತುವರಿ ಜಾಗದಲ್ಲಿ ಬೆಳೆದ ಹುಲ್ಲು ಎಂದೂ ಓದಿಕೊಳ್ಳಬಹುದು. ‘ಒತ್ತರಿಸುವ ಹುಲ್ಲು’ ಆದೀತೇ?

ಪಾರ್ಥೇನಿಯಂಗೆ ಕಾಂಗ್ರೆಸ್, ಯುಪಟೋರಿಯಂಗೆ ಕಮ್ಯುನಿಸ್ಟ್ ಎಂದು ಹೆಸರಿಟ್ಟ ಜನ ನಾವು. ಆದರೆ ಅವು ಮಾಡುವ ಕೆಲಸಕ್ಕೆ ಹೆಸರು? ಬಳ್ಳಾರಿ ಜಾಲಿ ಊರಿನ ಗೋಮಾಳವನ್ನು ಏನು ಮಾಡಿತು ಅನ್ನುತ್ತಾರೆ ನಿಮ್ಮ ಕಡೆ: ಹಬ್ಬಿತು, ಅಡರಿತು, ಮುಸುಕಿತು, ನುಂಗಿತು? ಆ ಕ್ರಿಯಾಪದವನ್ನು ಊರಿನ ಹೆಸರಿನೊಡನೆ ತಿಳಿಸಿ.