‘ಅಪ್ರೀತಿ’ ಸಾಕೇ? ಟಿಳಕರ 1897ರ ಮೊಕದ್ದಮೆಯ ಒಂದು ಪದ

ಗೆಳೆಯರೆ,

ಬಾಲಗಂಗಾಧರ ಟಿಳಕರ ಪತ್ರಿಕಾ ಜೀವನದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 1881ರಲ್ಲಿ ‘ಕೇಸರಿ’ ಶುರುವಾದದ್ದು, ಮರುವರ್ಷವೇ ಕೊಲ್ಹಾಪುರದ ಮಾನಹಾನಿ ಪ್ರಕರಣದಲ್ಲಿ ಟಿಳಕರೂ ಅವರ ಜೊತೆಗಾರ ಆಗರಕರರೂ ಮುಂಬಯಿಯ ಡೋಂಗ್ರಿ ಜೈಲು ಕಂಡದ್ದು, ಆಮೇಲೆ ಇಬ್ಬರ ದಾರಿ ಬೇರೆಯಾದದ್ದು ಎಲ್ಲ ಸಲೀಸಾಗಿ ಬಂತು. 1897ರಲ್ಲಿ ಇಂಗ್ಲಿಷಿನ ಒಂದೇ ಒಂದು ಪದವನ್ನು ಕನ್ನಡಕ್ಕೆ ತರಲಾಗದೆ ಸಿಕ್ಕಿಕೊಂಡಿದ್ದೇನೆ: ‘ಡಿಸ್‌ಅಫೆಕ್ಷನ್’.

ಹಿನ್ನೆಲೆ ಹಲವರಿಗೆ ಗೊತ್ತಿರುತ್ತದೆ. ಜೂನ್ 15ರ ‘ಕೇಸರಿ’ಯಲ್ಲಿ ಶಿವಾಜಿ ಉತ್ಸವದ ವರದಿಯೂ ಒಂದು ಪದ್ಯವೂ ಬಂದವು. ಸರಿಯಾಗಿ ವಾರಕ್ಕೆ, 22ರ ರಾತ್ರಿ, ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿತು. ಮುಂದಿನ ತಿಂಗಳು, ‘ಕೇಸರಿ’ಯ ಆ ಬರಹಗಳಿಗಾಗಿ, ಟಿಳಕರ ಬಂಧನ. ಮುಂಬಯಿ ಹೈಕೋರ್ಟಿನಲ್ಲಿ ಒಂಬತ್ತು ಮಂದಿ ಜ್ಯೂರಿ. ಆರು ಯುರೋಪಿಯನ್ನರು ತಪ್ಪಿತಸ್ಥನೆಂದರು, ಮೂವರು ಭಾರತೀಯರು ಅಲ್ಲವೆಂದರು. ಹದಿನೆಂಟು ತಿಂಗಳ ಸಜೆಯಾಯಿತು. (ಜಾಮೀನು ಕೊಡಿಸಿದ್ದ ವಕೀಲ ದಾವರ್ ಅವರೇ 1908ರಲ್ಲಿ ನ್ಯಾಯಾಧೀಶರಾಗಿ ಟಿಳಕರಿಗೆ ಆರು ವರ್ಷದ ಗಡೀಪಾರು ವಿಧಿಸಿದರು. ಅದು ಬೇರೆ ಕತೆ.)

ನಮ್ಮಲ್ಲಿ ಇದನ್ನು ‘ರಾಜದ್ರೋಹದ ಮೊಕದ್ದಮೆ’ ಎಂದು ಬರೆದು ಮುಂದೆ ಹೋಗುವುದು ರೂಢಿ. ಈಗಿನ ಪತ್ರಿಕೆಗಳಂತೂ ‘ದೇಶದ್ರೋಹ’ ಎಂದೇ ಹಾಕಿಬಿಡುತ್ತವೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಭಾರತೀಯ ದಂಡಸಂಹಿತೆಗೆ 1870ರಲ್ಲಿ ಸೇರಿಸಿದ 124ಎ ಕಲಮಿನ ಒಡಲಲ್ಲಿ ದ್ರೋಹದ ಮಾತೇ ಇರಲಿಲ್ಲ. ಸರ್ಕಾರದ ಬಗ್ಗೆ ‘ಡಿಸ್‌ಅಫೆಕ್ಷನ್’ ಕೆರಳಿಸುವುದು ಅಪರಾಧ ಎಂದಷ್ಟೇ ಇತ್ತು. ಹಾಗಾಗಿ ವಾದವೆಲ್ಲ ಆ ಪದದ ಸುತ್ತಲೇ. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಹೇಳಿದ್ದು: ಇದರರ್ಥ ಬರೀ ಪ್ರೀತಿಯ ಅಭಾವ. ಅದೇ ಉಸಿರಿನಲ್ಲಿ ದ್ವೇಷ, ಹಗೆತನ, ತಿರಸ್ಕಾರ, ಎಲ್ಲ ಬಗೆಯ ಕೆಟ್ಟ ಭಾವನೆಯನ್ನೂ ಅದರೊಳಗೆ ಸೇರಿಸಿದರು. ಆರು ವರ್ಷ ಹಿಂದೆ ‘ಬಂಗಬಾಸಿ’ ಪತ್ರಿಕೆಯ ಪ್ರಕರಣದಲ್ಲಿ ಕಲ್ಕತ್ತೆಯ ಮುಖ್ಯ ನ್ಯಾಯಮೂರ್ತಿ ಪೆಥೆರಂ, ಅದು ಪ್ರೀತಿಗೆ ವಿರುದ್ಧವಾದ ಭಾವ ಎಂದಿದ್ದರು. 1897ರಲ್ಲೇ, ಸಾತಾರಾ ಜಿಲ್ಲೆಯ ‘ಪ್ರತೋದ’ ಪತ್ರಿಕೆಯ ಪ್ರಕರಣದಲ್ಲಿ, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಅದು ಒಲವಿನ ಅಭಾವ ಮಾತ್ರವಲ್ಲ, ಎದ್ದುನಿಂತ ಜಿಗುಪ್ಸೆ ಎಂದು ಬರೆದರು.

ಇಲ್ಲಿ ನನಗೆ ನಮ್ಮ ವ್ಯಾಕರಣದ ನಞ್, ಅಂದರೆ ಪದದ ಮುಂದೆ ಬಂದು ‘ಇಲ್ಲ’, ‘ಅಲ್ಲ’ ಎನ್ನುವ ‘ಅ’, ನೆನಪಾಯಿತು. ‘ಅ’ಕಾರಕ್ಕೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ ಎಂದು ಆರು ಅರ್ಥ ಹೇಳುತ್ತಾರಲ್ಲ? ಸ್ಟ್ರೇಚಿಯವರದು ಅಭಾವಾರ್ಥ, ಪೆಥೆರಂ ಮತ್ತು ರಾನಡೆಯವರದು ‘ಅಧರ್ಮ’ದಲ್ಲಿರುವಂಥ ವಿರೋಧಾರ್ಥ. ಹಾಗೆ ನೋಡಿದರೆ ‘ಅಪ್ರೀತಿ’ ಎಂಬ ಪದ ಎರಡೂ ಅರ್ಥಕ್ಕೆ ಎಡೆಕೊಡುತ್ತದೆ. 2024ರವರೆಗೆ ಜಾರಿಯಲ್ಲಿದ್ದ ದಂಡಸಂಹಿತೆಯ ಹಿಂದಿ ಪಾಠದಲ್ಲೂ ಅದೇ ಇತ್ತು.

ತೊಡಕೇನೆಂದರೆ ‘ಜನರಲ್ಲಿ ಅಪ್ರೀತಿ ಕೆರಳಿಸಿದರು’ ಎಂದರೆ ಕನ್ನಡದ ಕಿವಿಗೆ ಸಪ್ಪೆ. ಸಂಪಾದಕನೊಬ್ಬ ಅದಕ್ಕಾಗಿ ಜೈಲಿಗೆ ಹೋದನೆಂದರೆ ಓದುಗ ನಂಬಲಾರ. ‘ಅಸಮಾಧಾನ’ ಇನ್ನೂ ಮೆತ್ತಗಾಯಿತು, ಅದು ಮನೆಮನೆಯಲ್ಲೂ ಇರುವಂಥದ್ದು. ‘ವೈಮನಸ್ಯ’ ಸರಿಸಮರ ನಡುವಿನದು. ‘ದ್ವೇಷ’ ಎಂದರೆ ಸ್ಟ್ರೇಚಿಯವರ ಮೊದಲ ವಾಕ್ಯವೇ ಕೈಬಿಟ್ಟಂತೆ. ಮೇಲಾಗಿ 1898ರ ತಿದ್ದುಪಡಿಯಲ್ಲಿ ದ್ವೇಷ, ತಿರಸ್ಕಾರಗಳನ್ನು ಬೇರೆಯಾಗಿಯೇ ಸೇರಿಸಿ, ‘ಡಿಸ್‌ಅಫೆಕ್ಷನ್’ ಎಂದರೆ ನಿಷ್ಠೆಯಿಲ್ಲದಿರುವುದೂ ವೈರಭಾವವೂ ಸೇರಿತು ಎಂದು ವಿವರಣೆ ಕೊಟ್ಟರು. ಆಡುಮಾತಿನಲ್ಲಿ ‘ಮನಸ್ಸು ಮುರಿಯಿತು’ ಎನ್ನುತ್ತೇವಲ್ಲ, ಅದು ಹತ್ತಿರ ಬರುತ್ತದೆ ಅನ್ನಿಸುತ್ತದೆ. ಆದರೆ ಅದನ್ನು ನಾಮಪದ ಮಾಡಿ ‘ಮನಮುರಿತ’ ಎಂದು ಬರೆದರೆ ಕಾನೂನಿನ ಬಿಗಿ ಬರುತ್ತದೆಯೇ?

ಕೇಳುವುದು ಎರಡು. ಧಾರವಾಡ, ಬೆಳಗಾವಿಗಳೂ ಆಗ ಮುಂಬಯಿ ಹೈಕೋರ್ಟಿಗೇ ಸೇರಿದ್ದವು. ಅಲ್ಲಿನ ಹಳೆಯ ಕನ್ನಡ ಕೋರ್ಟು ಕಾಗದಗಳಲ್ಲೋ ಪತ್ರಿಕೆಗಳಲ್ಲೋ ಈ ಕಲಮಿನ ತರ್ಜುಮೆಯನ್ನು ಯಾರಾದರೂ ನೋಡಿದ್ದೀರಾ? ಇಲ್ಲವಾದರೆ ಸ್ಟ್ರೇಚಿಯವರ ಆ ವಾಕ್ಯಕ್ಕೂ ರಾನಡೆಯವರ ವಾಕ್ಯಕ್ಕೂ ಒಂದೇ ಪದ ಹೊಂದಬೇಕು ಎಂದಿಟ್ಟುಕೊಂಡು, ನೀವಾದರೆ ಯಾವುದನ್ನು ಹಾಕುತ್ತಿದ್ದಿರಿ?